‘ಐಪಿ ಹಾಕೋದು’ ಅಂದರೇನು? ಬಳ್ಳಾರಿಯ ಸಾಲ ಮತ್ತು 1920ರ ಕಾಯ್ದೆ

ಬಳ್ಳಾರಿ, ಸಿರುಗುಪ್ಪ ಕಡೆ ಹಳಬರ ಹತ್ತಿರ ಕೂತರೆ ಒಂದು ಮಾತು ಕಿವಿಗೆ ಬೀಳುತ್ತೆ: ‘ಅವ ಐಪಿ ಹಾಕ್ಯಾನ’. ಇದು ನಿಮ್ಮ ಫೋನಿನ ಐಪಿ ಅಡ್ರೆಸ್ ಅಲ್ಲ. ಇನ್‌ಸಾಲ್ವೆನ್ಸಿ ಪಿಟಿಷನ್. ‘ಸಾಲ ತೀರಿಸೋಕೆ ನನ್ನ ಕೈಲಾಗಲ್ಲ, ದಿವಾಳಿ ಅಂತ ಘೋಷಿಸಿ’ ಎಂದು ಕೋರ್ಟಿಗೆ ಕೊಡುವ ಅರ್ಜಿ. ಇದನ್ನೇ ಕೆಲವರು ‘ಪಾಪರ್ ಚೀಟಿ ತಗೊಂಡ’ ಅಂತಾರೆ.

ಕ್ರೆಡಿಟ್ ಕಾರ್ಡ್ ಬಾಕಿ ಲಕ್ಷ ದಾಟಿ, ರಿಕವರಿ ಏಜೆಂಟ್‌ಗಳ ಕಾಲ್ ಶುರುವಾದಾಗ ನಿಮ್ಮ ವಯಸ್ಸಿನವರು ಕೇಳೋ ಪ್ರಶ್ನೆ: ಐಪಿ ಹಾಕೋದಾ, ಬ್ಯಾಂಕ್ ಜೊತೆ ಸೆಟಲ್ ಮಾಡ್ಕೊಳ್ಳೋದಾ? ಈ ಎರಡೂ ದಾರಿಗಳಿಗೆ ನಮ್ಮ ಜಿಲ್ಲೆಯಲ್ಲಿ ಹಳೇ ಇತಿಹಾಸ ಇದೆ.

1800ರಲ್ಲಿ ನಿಜಾಮ ಬಳ್ಳಾರಿಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯ ಸೇರುವವರೆಗೆ ನಾವು ಮದ್ರಾಸಿನವರು. ದಿವಾಳಿ ವಿಷಯದಲ್ಲಿ ಮದ್ರಾಸ್ ಪಟ್ಟಣಕ್ಕೆ 1909ರ ಒಂದು ಕಾಯ್ದೆ ಇತ್ತು. ಬಳ್ಳಾರಿಯಂಥ ಹೊರಗಿನ ಜಿಲ್ಲೆಗಳಿಗೆ ಬೇರೆ, 1920ರ ಪ್ರಾಂತೀಯ ದಿವಾಳಿ ಕಾಯ್ದೆ. ವಿಚಿತ್ರ ಏನಂದ್ರೆ, ಅದು ಇನ್ನೂ ಜೀವಂತ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು, ನಿಜ. ಆದರೆ ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿ ಮಾಡಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಹಾಗಾಗಿ ಕುರುಗೋಡಿನ ಹುಡುಗನೊಬ್ಬ ಕಾರ್ಡ್ ಸಾಲಕ್ಕೆ ದಿವಾಳಿ ಅರ್ಜಿ ಹಾಕಬೇಕಂದ್ರೆ ನೂರು ವರ್ಷ ದಾಟಿದ ಕಾಯ್ದೆಯೇ ಗತಿ.

ಅದರ ಮೂಲ ಪಠ್ಯ ಓದಿದರೆ ನಗುನೂ ಬರುತ್ತೆ, ಭಯಾನೂ ಆಗುತ್ತೆ. ಅರ್ಜಿ ಹಾಕೋಕೆ 500 ರೂಪಾಯಿ ಸಾಲ ಇದ್ದರೆ ಸಾಕು. ಆಮೇಲೆ ನಿಮ್ಮ ಆಸ್ತಿ ಕೋರ್ಟಿನ ವಶಕ್ಕೆ. ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚ್ತಾರೆ. ರೈತನ ಉಳುವ ಎತ್ತು, ಸಲಕರಣೆ, ವಾಸದ ಮನೆಗೆ ವಿನಾಯಿತಿ ಇದೆ. ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಸಾಲಕ್ಕೆ ಸಾಲದಿದ್ದರೆ, ಅದು ನಿಮ್ಮ ತಪ್ಪಲ್ಲ ಅಂತ ತೋರಿಸದ ಹೊರತು ಪೂರ್ತಿ ಬಿಡುಗಡೆ ಸಿಗಲ್ಲ. ಬಿಡುಗಡೆ ಆಗೋ ಮುಂಚೆ, ದಿವಾಳಿ ಅಂತ ಹೇಳದೆ 50 ರೂಪಾಯಿ ಸಾಲ ತಗೊಂಡರೂ ಆರು ತಿಂಗಳವರೆಗೆ ಜೈಲು! ಇವತ್ತು ಆ ಐವತ್ತರಲ್ಲಿ ಮಿರ್ಚಿ-ಮಂಡಕ್ಕಿ ಬರುತ್ತೆ, ಅಷ್ಟೇ. ಸ್ಥಳೀಯ ಸಂಸ್ಥೆಗೆ ಆಯ್ಕೆ ಆಗೋಕೂ ಇಲ್ಲ.

ಮತ್ತೆ ಹಿಂದಿನವರು ಯಾಕೆ ಐಪಿ ಹಾಕ್ತಿದ್ರು? ಸಾಲಕ್ಕೆ ಜೈಲಿಗೆ ಹೋಗುವ ಭಯ. ಡಿಕ್ರಿ ಹಣ ಕಟ್ಟದವನನ್ನು ಹಿಡಿದು ತಂದರೆ, ‘ನೀನು ದಿವಾಳಿ ಅರ್ಜಿ ಹಾಕಬಹುದು’ ಅಂತ ಕೋರ್ಟೇ ತಿಳಿಸಬೇಕು ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತೆ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೀ ಬಡತನಕ್ಕೆ ಜೈಲಿಗೆ ಹಾಕುವಂತಿಲ್ಲ ಅಂದಿತು. ಮೋಸ, ಚೆಕ್ ಬೌನ್ಸ್ ಬೇರೆ ಮಾತು. ಬರೀ ಕಾರ್ಡ್ ಬಾಕಿಗೆ ‘ನಾಳೆ ಪೊಲೀಸ್ ಬರ್ತಾರೆ’ ಅನ್ನೋ ಫೋನ್ ಬರೀ ಹೆದರಿಕೆ. ಅಲ್ಲಿಗೆ ಐಪಿಯ ದೊಡ್ಡ ಲಾಭವೇ ನಮಗೆ ಬೇಕಿಲ್ಲ.

ಇನ್ನು ಸೆಟಲ್‌ಮೆಂಟ್. 1936ರಲ್ಲಿ ಮದ್ರಾಸ್ ಸರ್ಕಾರ ಸಾಲ ರಾಜಿ ಕಾಯ್ದೆ ತಂತು: ರೈತನನ್ನೂ ಸಾಹುಕಾರನನ್ನೂ ಒಂದು ಮಂಡಳಿ ಮುಂದೆ ಕೂರಿಸಿ ಮಾತಾಡಿಸೋದು. ರಾಜಾಜಿ ಸರ್ಕಾರದ 1938ರ ಕಾಯ್ದೆ ಇನ್ನೂ ಮುಂದೆ ಹೋಯ್ತು. 1932ರ ಅಕ್ಟೋಬರ್‌ಗೆ ಮುಂಚಿನ ಸಾಲಕ್ಕೆ ರೈತ ಅಸಲಿನ ಎರಡರಷ್ಟು ಕಟ್ಟಿದ್ದರೆ ಸಾಲ ತೀರಿತು ಅಂತಲೇ ಲೆಕ್ಕ. ಕಾರ್ಡಿಗೆ ಅಂಥ ಕರುಣೆ ಇಲ್ಲ. ತಿಂಗಳಿಗೆ 3.5% ಅಂದರೆ ವರ್ಷಕ್ಕೆ 42%. 30% ಮೀರಬಾರದು ಅಂತ ಗ್ರಾಹಕ ಆಯೋಗ 2008ರಲ್ಲಿ ಹೇಳಿದ್ದನ್ನು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು.

ಅದಕ್ಕೇ, ಕಾರ್ಡ್ ಸಾಲ ಒಂದೇ ಇರೋವರಿಗೆ ರಾಜಿಯೇ ವಾಸಿ ಅಂತ ನನಗನ್ಸುತ್ತೆ. ಬೆಲೆ ಅದಕ್ಕೂ ಇದೆ: ಸಿಬಿಲ್‌ನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬರುತ್ತೆ, ಮುಂದೆ ಮನೆ ಸಾಲ ಕೇಳೋಕೆ ಹೋದಾಗ ಅದು ಎದುರಿಗೆ ನಿಲ್ಲುತ್ತೆ. ಬ್ಯಾಂಕ್ ಒಪ್ಪಿದರೆ ಲೋಕ ಅದಾಲತ್‌ನಲ್ಲೂ ಮುಗಿಸಬಹುದು. ಅಲ್ಲಿ ಕೋರ್ಟ್ ಫೀ ಇಲ್ಲ, ಆದ ತೀರ್ಮಾನಕ್ಕೆ ಅಪೀಲೂ ಇಲ್ಲ. ಸಿರುಗುಪ್ಪದವರು ಅಲ್ಲಿನ ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ, ಉಳಿದವರು ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಹಣ ಕಟ್ಟೋ ಮುಂಚೆ ಬ್ಯಾಂಕಿನ ಸೆಟಲ್‌ಮೆಂಟ್ ಪತ್ರ ಕೈಯಲ್ಲಿರಲಿ. ಏಜೆಂಟ್ ಕಳಿಸಿದ ವಾಟ್ಸಾಪ್ ಮೆಸೇಜ್ ಅದಲ್ಲ.