ಬಜಪೆಯ ಹಳೇ ವಿಮಾನ ನಿಲ್ದಾಣ

ಈಗ ವಿಮಾನಕ್ಕೆ ಹೋಗ್ಲಿಕ್ಕೆ ಉಂಟು ಅಂದರೆ ರಿಕ್ಷಾದವರು ಕೆಂಜಾರಿನ ಕಡೆ ತಿರುಗಿಸ್ತಾರೆ. ಆದರೂ ನಮ್ಮ ಬಾಯಲ್ಲಿ ಅದು ಬಜಪೆ ಏರ್‌ಪೋರ್ಟೇ. ಯಾಕೆ ಅಂತ ಮಕ್ಕಳು ಕೇಳಿದರೆ ಹೇಳ್ಲಿಕ್ಕೆ ಇದನ್ನು ಬರೆದಿಟ್ಟದ್ದು.

1951ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದು ನಮ್ಮ ಗುಡ್ಡದ ಮೇಲೆ ಇಳಿದರು. ನಿಲ್ದಾಣ ಶುರುವಾದದ್ದು ಹಾಗೆ.

ಒಂದು ವಿಷಯ ನೋಡಿ. ಮಂಗಳೂರಿಗೆ ಮಲಬಾರಿನ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಘಟ್ಟ ಹತ್ತಿ ಹಾಸನಕ್ಕೆ ರೈಲು ಆದದ್ದು 1979ರಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅಂದರೆ ಬೊಂಬಾಯಿಗೆ ಕರಾವಳಿಯ ರೈಲು ಆಗುವ 46 ವರ್ಷ ಮೊದಲೇ ನಮ್ಮಲ್ಲಿ ವಿಮಾನ ಇಳಿದಿತ್ತು! ಹಾಸನದ ರೈಲೂ 1996ರಲ್ಲಿ ಹಳಿ ಬದಲಿಸ್ಲಿಕ್ಕೆ ಅಂತ ನಿಂತದ್ದು, ಪ್ರಯಾಣಿಕರಿಗೆ ಮತ್ತೆ ಸಿಕ್ಕಿದ್ದು 2007ರ ಡಿಸೆಂಬರಿನಲ್ಲಿ.

ಹಾಗಂತ ವಿಮಾನ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಹೆಚ್ಚಿನವರು ಬೊಂಬಾಯಿಗೆ ಹೋದದ್ದು ಬಸ್ಸಿನಲ್ಲೇ, ಅಲ್ಲಿಂದ ಮತ್ತೆ ಗಲ್ಫಿಗೆ. ದುಬೈಗೆ ಇಲ್ಲಿಂದಲೇ ವಿಮಾನ ಹಾರಿದ್ದು 2006ರಲ್ಲಿ, ದೊಡ್ಡ ರನ್‌ವೇ ಆದ ಮೇಲೆ. ಹಳೇದು ಸುಮಾರು 1,600 ಮೀಟರ್, ಹೊಸತು 2,450. ಎರಡೂ ಗುಡ್ಡದ ತಲೆ ಸಮ ಮಾಡಿ ಮಾಡಿದ್ದು, ಅಂಚು ದಾಟಿದರೆ ಕೆಳಗೆ ಕಣಿವೆ. 1981ರ ಆಗಸ್ಟಿನಲ್ಲಿ ಒಂದು ಆವ್ರೋ ವಿಮಾನ ರನ್‌ವೇ ದಾಟಿ ಹೋಗಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

2010ರ ಮೇ 15ಕ್ಕೆ ಕೆಂಜಾರಿನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆ ಆಯ್ತು. ಬರೀ ಏಳು ದಿನ ಕಳೆದು, ಮೇ 22ರ ಬೆಳಿಗ್ಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಹೊಸ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯಿತು. 158 ಜನ ಹೋದರು, ಉಳಿದದ್ದು ಎಂಟೇ ಜನ. ಆ ದಿನ ಈ ಕರಾವಳಿಯ ಎಷ್ಟು ಮನೆಗಳಲ್ಲಿ ಒಲೆ ಹೊತ್ತಲಿಲ್ಲ ಅಂತ ನಿಮಗೇ ಗೊತ್ತುಂಟು. ಆ ದುಃಖದ ನಡುವೆ, ಹಳೇ ಕಟ್ಟಡ ಬಾಗಿಲು ಹಾಕಿದ್ದನ್ನು ಯಾರು ನೆನಪಿಡ್ತಾರೆ ಹೇಳಿ?

ಆದರೆ ಕಳಿಸಿ ಬರುವ ಕೆಲಸ ಹೆಚ್ಚಾಗಿ ಹೆಂಗಸರಿಗೇ ಬಂದದ್ದಲ್ವಾ? ಗಂಡನನ್ನು, ಮಗನನ್ನು, ಮದುವೆಯಾದ ಮಗಳನ್ನು. ಬೊಂಬಾಯಿ ವಿಮಾನಕ್ಕೆ ಹತ್ತಿಸಿ ಬಂದವರು ನಮ್ಮಲ್ಲೇ ಇದ್ದಾರೆ. ಸರ್ಕಾರದ ಕಡತದಲ್ಲಿ ರನ್‌ವೇಯ ಉದ್ದ ಸಿಗ್ತದೆ, ಅವರ ಮಾತು ಸಿಗುದಿಲ್ಲ.

ಅದಕ್ಕೇ ಹೇಳುದು, ನಿಮ್ಮ ಆಲ್ಬಮಿನಲ್ಲಿ ಹಳೇ ನಿಲ್ದಾಣದ ಎದುರು ತೆಗೆದ ಫೋಟೋ ಇದ್ದರೆ, ಹಿಂದೆ ಪೆನ್ಸಿಲಿನಲ್ಲಿ ಯಾರು, ಯಾವ ವರ್ಷ, ಎಲ್ಲಿಗೆ ಹೊರಟದ್ದು ಅಂತ ಬರೆದಿಡಿ. ಅತ್ತೆ, ದೊಡ್ಡಮ್ಮ ಇರುವಾಗಲೇ ಕೇಳಿ ಬರೀರಿ.