ಹೂವಿನ ಪಂಚಾಂಗ

ನಮ್ಮ ಪಂಚಾಂಗ ತಿಥಿಯಿಂದ ಮಾಸವನ್ನೆಣಿಸುತ್ತದೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನ್ನೇಯಸನು ಹೂವಿನಿಂದ ಎಣಿಸಿದನು. ಉತ್ತರದ ಆ ನಾಡಿನಲ್ಲಿ ಚಳಿಗಾಲ ದೀರ್ಘ, ಹೂಗಾಲ ಅಲ್ಪ; ಬಂದ ಹೂವನ್ನು ಕಾಣದೆ ಕಳೆದರೆ ಮತ್ತೆ ವರ್ಷ ಕಾಯಬೇಕು. 1755ರಲ್ಲಿ ಉಪ್ಸಾಲದಲ್ಲಿ ಯಾವ ಗಿಡ ಎಂದು ಚಿಗುರಿತು, ಎಂದು ಅರಳಿತು ಎಂಬುದನ್ನು ಗುರುತು ಹಾಕಿಕೊಂಡನು. ಮರುವರ್ಷ ಅದು 'ಕ್ಯಾಲೆಂಡೇರಿಯಂ ಫ್ಲೋರೇ' ಎಂಬ ಹೆಸರಿನಿಂದ ಹೊರಬಂದಿತು. ಹಿಮ ಕರಗುವ ತಿಂಗಳು, ಮೊಗ್ಗಿನ ತಿಂಗಳು, ಎಲೆಯ ತಿಂಗಳು, ಹೂವಿನ ತಿಂಗಳು, ಹೀಗೆ ಹನ್ನೆರಡು ಅದರಲ್ಲಿ.

1758ರಲ್ಲಿ ಆತನು ಊರಾಚೆಯ ಹಮ್ಮರ್ಬಿಯಲ್ಲಿ ಜಮೀನು ಕೊಂಡನು. ಬೇಸಗೆಯನ್ನು ಸಂಸಾರಸಮೇತ ಅಲ್ಲಿಯೇ ಕಳೆಯುವುದು ರೂಢಿಯಾಯಿತು. ಚಳಿಗೆ ಅಂಜದ ಸೈಬೀರಿಯದ ಗಿಡಗಳು ಅಲ್ಲಿಯ ಮನೆದೋಟದಲ್ಲಿ ಬೇರೂರಿದವು.

1774ರಲ್ಲಿ ಪಾರ್ಶ್ವವಾಯು ಬಡಿಯಿತು, 1776ರಲ್ಲಿ ಮತ್ತೊಮ್ಮೆ. ಸಾವಿರಾರು ಗಿಡಗಳಿಗೆ ಹೆಸರಿಟ್ಟವನಿಗೆ ಹೆಸರುಗಳೇ ಮರೆತುಹೋದವು. ತಾನೇ ಬರೆದ ಪುಸ್ತಕಗಳನ್ನು ಯಾರವೋ ಎಂಬಂತೆ ಓದಿ ಮೆಚ್ಚಿಕೊಳ್ಳುತ್ತಿದ್ದನಂತೆ! 1778ರ ಜನವರಿಯಲ್ಲಿ, ಹೂವಿಲ್ಲದ ದಿನಗಳಲ್ಲಿ, ಆತನು ತೀರಿಕೊಂಡನು.

ಯಜಮಾನನು ಮರೆತರೂ ತೋಟ ಮರೆಯಲಿಲ್ಲ. ಸೈಬೀರಿಯದಿಂದ ಬಂದ ಹಳದಿ ಹೂವಿನ ಗಿಡವೊಂದು ಹಮ್ಮರ್ಬಿಯಲ್ಲಿ ತಾನಾಗಿಯೇ ಹಬ್ಬಿ, ಇಂದಿಗೂ ವಸಂತ ಬಂದೊಡನೆ ಅರಳುತ್ತದೆ.