ಕೋಟೆ ಕೆಳಗಿನ ಹಳೇ ಲೆಕ್ಕದ ಪುಸ್ತಕಗಳು

ಚಿತ್ರದುರ್ಗ ಅಂದ ತಕ್ಷಣ ನಿಮ್ಮ ತಲೇಲಿ ಓಡೋದು ಓಬವ್ವನ ಒನಕೆ, ಮದಕರಿ ನಾಯಕ, 1779ರಲ್ಲಿ ಹೈದರಾಲಿ ಕೈಗೆ ಹೋದ ಕೋಟೆ. ಸರಿ. ಕೋಟೆ ಹತ್ತಿ ಸೆಲ್ಫಿ ತಗೊಂಡು ವಾಪಸ್ ಬರೋರಲ್ಲಿ ಎಷ್ಟು ಜನ ರಂಗಯ್ಯನ ಬಾಗಿಲ ಕಡೆ ತಿರುಗ್ತಾರೆ? ಊರಿನ ಸರ್ಕಾರಿ ವಸ್ತುಸಂಗ್ರಹಾಲಯದ ಕಥೆ ಆ ಹಳೇ ಬಾಗಿಲಿಗೆ ಅಂಟಿಕೊಂಡಿದೆ.

ಆ ಕಥೆಯಲ್ಲಿ ಮರೆಯಬಾರದ ಹೆಸರು ಹುಲ್ಲೂರು ಶ್ರೀನಿವಾಸ ಜೋಯಿಸರದು. ಓಲೆಗರಿ, ಕಡತ, ಬಖೈರು, ಆಯುಧ, ನಾಣ್ಯ ಅಂತ ದುರ್ಗದ ಸೀಮೆಯಲ್ಲಿ ಸಿಕ್ಕಿದ್ದನ್ನೆಲ್ಲ ಕೂಡಿಸಿಟ್ಟವರು ಅವರು. ಸಂಗ್ರಹಾಲಯ ಹುಟ್ಟಿದ್ದೇ ಅಂಥ ಸಂಗ್ರಹದಿಂದ.

ನಾನು ಬಿ.ಕಾಂ ಓದಿದವನು, ನನ್ನ ಕಣ್ಣು ಹೋಗೋದು ಕತ್ತಿ ಮೇಲಲ್ಲ, ಕಡತದ ಮೇಲೆ. ಕಡತ ಅಂದ್ರೆ ಏನು ಗೊತ್ತಾ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಒಣಗಿಸಿ, ಮಡಚಿ ಮಡಚಿ ಮಾಡಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯೋದು, ಬೇಡ ಅಂದ್ರೆ ಒರೆಸಿ ಮತ್ತೆ ಬರೆಯೋದು. ಈಗ ನಾವು ಸರ್ಕಾರಿ ಫೈಲಿಗೆ ಕಡತ ಅಂತೀವಲ್ಲ, ಆ ಪದ ಬಂದಿದ್ದು ಇಲ್ಲಿಂದಲೇ. ಶಾನುಭೋಗರ ಕಂದಾಯದ ಲೆಕ್ಕ, ವ್ಯಾಪಾರಿಯ ಸಾಲದ ಲೆಕ್ಕ ಇಂಥದ್ದರಲ್ಲೇ ಇರ್ತಿತ್ತು. ಯಾವ ಕೆರೆ ಕೆಳಗೆ ಯಾರಿಗೆ ಎಷ್ಟು ಗದ್ದೆ, ಯಾರು ಎಷ್ಟು ಬಾಕಿ. ರಾಜರ ಕಥೆ ಹೇಳೋಕೆ ಲಾವಣಿ ಇದೆ, ತರಾಸು ಅವರ 'ದುರ್ಗಾಸ್ತಮಾನ' ಇದೆ. ಹೊಸದುರ್ಗದ ರೈತನ, ಹೊಳಲ್ಕೆರೆ ಸಂತೆಯ ವ್ಯಾಪಾರಿಯ ಕಥೆಗೆ ಈ ಕಪ್ಪು ಬಟ್ಟೆ ಬಿಟ್ಟರೆ ಸಾಕ್ಷಿ ತೀರಾ ಕಮ್ಮಿ.

ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ಬಂಡೆ ಮೇಲಿದೆ, ಕೆರೆ ಕಟ್ಟಿಸಿದ ವಿಷಯ ಹೇಳುತ್ತೆ. ಅಲ್ಲೇ ನೆಲ ಅಗೆದಾಗ ರೋಮನ್ ನಾಣ್ಯಗಳೂ ಸಿಕ್ಕವು; 1947ರಲ್ಲಿ ಮಾರ್ಟಿಮರ್ ವೀಲರ್ ಕೂಡ ಅಲ್ಲಿ ಉತ್ಖನನ ಮಾಡಿದ್ರು. ಮಣ್ಣೊಳಗಿನ ನಾಣ್ಯ ಎರಡು ಸಾವಿರ ವರ್ಷ ಕಾಯುತ್ತೆ. ಬಂಡೆಯನ್ನ ಗುಜರಿಯವನು ಹೊತ್ತೊಯ್ಯೋಕಾಗಲ್ಲ. ಅಟ್ಟದ ಮೇಲಿನ ಕಡತಕ್ಕೆ ಆ ಭಾಗ್ಯ ಇಲ್ಲ: ಗೆದ್ದಲು, ಮಳೆ, ಮನೆ ರಿನೋವೇಶನ್, ಮೂರರಲ್ಲಿ ಒಂದು ಸಾಕು. ನನ್ನ ಪ್ರಕಾರ ಮೂರನೇದೇ ಹೆಚ್ಚು ಡೇಂಜರ್.

ಹಾಗಾಗಿ ಹಿರಿಯೂರು ಕಡೆಯ ಕೇಳುಗರೇ, ಅಜ್ಜನ ಮನೆ ಕೆಡವೋ ಮುಂಚೆ ಒಂದ್ಸಲ ಅಟ್ಟ ಹತ್ತಿ. ಕಪ್ಪು ಬಟ್ಟೆ ಮಡಚಿಟ್ಟಿದ್ದು ಕಂಡ್ರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅಕ್ಷರ ಹೋಗುತ್ತೆ. ಮೊದಲು ಮೊಬೈಲಲ್ಲಿ ಪ್ರತಿ ಮಡಿಕೆಯ ಫೋಟೋ ತೆಗೀರಿ, ಆಮೇಲೆ ಸಂಗ್ರಹಾಲಯದವರಿಗೆ ತೋರಿಸಿ.